ಚೀಟಿ ಓದಿದ ಪ್ರವಾದಿ

ಅವತ್ತು ದೇವರು ನನಗೆ ಏನನ್ನೂ ತೋರಿಸಿರಲಿಲ್ಲ. ನಾನು ನಿಮ್ಮ ಚೀಟಿ ಓದಿದ್ದೆ — ಅಷ್ಟೇ. ಓದಿದ್ದನ್ನು ಕಾಲೇಜಿನ ಗೇಟಿನ ಮುಂದೆ, ಅಷ್ಟೂ ಹುಡುಗ ಹುಡುಗಿಯರ ಎದುರು, ದೇವರು ನನ್ನ ಕಿವಿಯಲ್ಲಿ ಹೇಳಿದ ಮಾತೆಂದು ಕೂಗಿದೆ. ನೀವು ಬಂದು ಕೇಳಿದಾಗಲೂ ಅದನ್ನೇ ಹೇಳಿದೆ. ಹನ್ನೊಂದು ವರ್ಷಗಳಿಂದ ಅದನ್ನೇ ಹೇಳಿಕೊಂಡು ಬಂದಿದ್ದೇನೆ.

ನಿಮ್ಮ ಹೆಸರನ್ನಾಗಲಿ ನಿಮ್ಮ ಊರಿನ ಹೆಸರನ್ನಾಗಲಿ ಈ ಕಾಗದದಲ್ಲಿ ಬರೆಯುವುದಿಲ್ಲ. ಹೆಸರು ಹೇಳದೆಯೇ ಒಬ್ಬ ಹುಡುಗಿಯನ್ನು ಊರಿಗೆಲ್ಲ ತೋರಿಸಿಕೊಟ್ಟ ಮನುಷ್ಯ ನಾನು. ಈ ಕಾಗದ ಬೇರೆ ಯಾರ ಕೈಗಾದರೂ ಸಿಕ್ಕರೆ ಅದು ನನ್ನೊಬ್ಬನನ್ನೇ ತೋರಿಸಲಿ. ಆಗ ನಿಮ್ಮನ್ನು ‘ನೀನು’, ‘ತಂಗಿ’ ಎನ್ನುತ್ತಿದ್ದೆ. ಈಗ ನೀವು ನನ್ನ ಮಗಳಿಗೆ ಪಾಠ ಹೇಳುವ ಮೇಡಂ. ನಿಮಗೆ ಗೊತ್ತಿರುವ ಸಂಗತಿಗಳೂ ಇದರಲ್ಲಿ ಬರುತ್ತವೆ, ಬೇಸರ ಮಾಡಿಕೊಳ್ಳಬೇಡಿ. ನೀವು ಗೇಟಿನ ಆ ಕಡೆ ನಿಂತು ಕಂಡದ್ದನ್ನು ನಾನು ಈ ಕಡೆಯಿಂದ ಹೇಳುತ್ತಿದ್ದೇನೆ.

ಮೊದಲು ನನ್ನ ಜಂಬದ ವಿಷಯ. ಅದನ್ನು ಬಿಟ್ಟು ಹೇಳಿದರೆ ಈ ತಪ್ಪು ಅರ್ಥವಾಗುವುದಿಲ್ಲ. ನನ್ನ ಗಂಟಲು ಮಗ್ಗದ ಮನೆಯಲ್ಲಿ ಬೆಳೆದದ್ದು. ದೊಡ್ಡಬಳ್ಳಾಪುರದಲ್ಲಿ ನಮ್ಮಪ್ಪ ಕೂಲಿಗೆ ಪವರ್‌ಲೂಮ್ ಓಡಿಸುತ್ತಿದ್ದರು. ಎಂಟು ಮಗ್ಗಗಳು ಒಟ್ಟಿಗೆ ಓಡುವ ಕೋಣೆಯ ಪಕ್ಕದಲ್ಲೇ ನಮ್ಮ ಅಡುಗೆಮನೆ. ಅಮ್ಮ ಊಟಕ್ಕೆ ಕರೆಯಬೇಕಾದರೂ ಕೂಗಬೇಕು, ಅಪ್ಪನಿಗೆ ಗುಟ್ಟು ಹೇಳಬೇಕಾದರೂ ಕೂಗಬೇಕು. ನಾನೂ ಮಗ್ಗದ ರಿಪೇರಿ ಕೆಲಸವನ್ನೇ ಕಲಿತೆ. ಓಡುತ್ತಿರುವ ಮಗ್ಗದ ಆ ತುದಿಯಲ್ಲಿರುವವನಿಗೆ ಈ ತುದಿಯಿಂದ ಒಂದೇ ಸಲ ಹೇಳಿ ಕೇಳಿಸುವವನು ನಮ್ಮ ಬೀದಿಯಲ್ಲಿ ನಾನೊಬ್ಬನೇ ಇದ್ದೆ.

ನಮ್ಮ ಪ್ರಾರ್ಥನಾ ಮಂದಿರದ ಪಾಸ್ಟರ್ ವಯಸ್ಸಾದವರು, ಮೆತ್ತನೆಯ ದನಿಯವರು. “ಪ್ರಭಾಕರಾ, ಆ ಗಂಟ್ಲು ದೇವ್ರು ಕೊಟ್ಟಿದ್ದು ಕಣಪ್ಪಾ, ಸುಮ್ನೆ ಇಟ್ಕೋಬೇಡ” ಎಂದು ಒಮ್ಮೆ ಹೇಳಿದರು. ಅವರು ಹೇಳಿದ್ದು ಭಾನುವಾರದ ಹಾಡಿನ ವಿಷಯಕ್ಕೆ. ನಾನು ಅಷ್ಟಕ್ಕೆ ನಿಲ್ಲುವವನೇ? ಬೀದಿಗಿಳಿದುಬಿಟ್ಟೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ನೆಲಮಂಗಲ — ಆ ನಾಲ್ಕು ವರ್ಷಗಳಲ್ಲಿ ನಾನು ಕೂಗದ ಕಾಲೇಜು ಗೇಟಿಲ್ಲ. ನಿಮ್ಮ ಕಾಲೇಜಿಗೆ ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ ಬರುತ್ತಿದ್ದೆ. ಎದುರಿನ ಹೊಂಗೆ ಮರದ ಕೆಳಗಿನ ಕಲ್ಲುಬೆಂಚೇ ನನ್ನ ವೇದಿಕೆ. ಮೈಕ್ ಬೇಕಿರಲಿಲ್ಲ. ಕರಪತ್ರ ಹಂಚಲು ಬೂದಿಗೆರೆಯ ಬ್ರದರ್ ಒಬ್ಬರು ಜೊತೆಗಿರುತ್ತಿದ್ದರು.

ಪ್ರೀತಿಯಿಂದ ಮಾತು ಶುರು ಮಾಡುವ ಅಭ್ಯಾಸ ನನಗಿರಲಿಲ್ಲ. “ನಿನ್ನ ಮೊಬೈಲಲ್ಲಿ ಇರೋದನ್ನ ನಿಮ್ಮಮ್ಮನಿಗೆ ತೋರಿಸ್ತೀಯಾ? ಅಮ್ಮನಿಗೇ ತೋರಿಸೋಕಾಗಲ್ಲ ಅಂದ್ರೆ ದೇವರಿಗೆ ಹೆಂಗೆ ಮುಖ ತೋರಿಸ್ತೀಯಾ?” — ಇದೇ ನನ್ನ ಆರಂಭ. ಸಿಗರೇಟು ಹಿಡಿದ ಹುಡುಗನಿಗೆ ಬೆರಳು ಮಾಡುತ್ತಿದ್ದೆ. ಜೋಡಿಯಾಗಿ ಬಂದವರನ್ನು ತಡೆದು ನ್ಯಾಯತೀರ್ಪಿನ ದಿನ ನೆನಪಿಸುತ್ತಿದ್ದೆ. ಹಣೆಗೆ ಕುಂಕುಮವಿಟ್ಟವರನ್ನೂ ಬಿಡಲಿಲ್ಲ, ತಲೆಗೆ ಟೋಪಿ ಹಾಕಿದವರನ್ನೂ ಬಿಡಲಿಲ್ಲ. ಚರ್ಚಿಗೆ ಹೋಗುವ ಹುಡುಗರಿಗಂತೂ ಎಲ್ಲರಿಗಿಂತ ಹೆಚ್ಚು ಬೈಯುತ್ತಿದ್ದೆ. ಒಮ್ಮೆ ಯಾರೋ ನೀರಿನ ಪ್ಯಾಕೆಟ್ ಎಸೆದರು, ಅಂಗಿಯೆಲ್ಲ ನೆನೆಯಿತು. ಎರಡು ಸಲ ಪೊಲೀಸರು ಕರೆದೊಯ್ದು ಸಂಜೆಯವರೆಗೆ ಕೂರಿಸಿ ಕಳಿಸಿದರು. ಮುಂದಿನ ಶುಕ್ರವಾರ ಅದೇ ಬೆಂಚಿನ ಮೇಲೆ ನಾನು ಹಾಜರು. ಒಂದು ಹೆಜ್ಜೆ ಹಿಂದಿಟ್ಟವನಲ್ಲ. ಅದರ ಬಗ್ಗೆ ಈಗಲೂ ಹೆಮ್ಮೆಯಿದೆ — ಇಲ್ಲವೆಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ.

ಇನ್ನು ಪೆಟ್ಟಿಗೆಯ ವಿಷಯ. ನಮ್ಮ ಮಂದಿರದ ಬಾಗಿಲ ಪಕ್ಕ ಬೀಗ ಹಾಕಿದ ಒಂದು ಮರದ ಪೆಟ್ಟಿಗೆ ಇತ್ತಲ್ಲ, ನೆನಪಿರಬೇಕು. ಯಾರು ಬೇಕಾದರೂ ತಮ್ಮ ಬೇಡಿಕೆ ಬರೆದು, ಮಡಚಿ ಅದರೊಳಗೆ ಹಾಕಬಹುದು. ಹೆಸರು ಬರೆಯಬೇಕಿಲ್ಲ. ಗುರುವಾರ ಸಭೆ ಮುಗಿದ ಮೇಲೆ ಪೆಟ್ಟಿಗೆ ತೆಗೆಯುತ್ತೇವೆ. ಶನಿವಾರ ಉಪವಾಸ ಕೂರುವವನು ಒಬ್ಬನೇ ಚೀಟಿಗಳನ್ನು ಓದಿ, ಒಂದೊಂದಕ್ಕೂ ಮೊಣಕಾಲೂರಿ ಪ್ರಾರ್ಥಿಸಿ, ಆಮೇಲೆ ಹಿತ್ತಲಿನ ಮಡಕೆಯಲ್ಲಿ ಸುಡಬೇಕು. ಪ್ರಾರ್ಥಿಸದೆ ಸುಡುವಂತಿಲ್ಲ. ಓದಿದ್ದನ್ನು ಹೆಂಡತಿಗೂ ಹೇಳುವಂತಿಲ್ಲ, ಪಾಸ್ಟರಿಗೂ ಹೇಳುವಂತಿಲ್ಲ. ಆ ಬೀಗದ ಕೈ ನನ್ನ ಹತ್ತಿರ ಇತ್ತು. ಊರಿಗೆಲ್ಲ ಕೇಳುವ ಹಾಗೆ ಮಾತಾಡುವವನ ಕೈಗೆ ಅದನ್ನು ಯಾಕೆ ಕೊಟ್ಟರೋ! ಆದರೆ ಆ ಶುಕ್ರವಾರದವರೆಗೆ ಯಾರ ಒಂದು ಅಕ್ಷರವೂ ನನ್ನ ಬಾಯಿಂದ ಹೊರಬಿದ್ದಿರಲಿಲ್ಲ. ಅದೂ ನನ್ನ ಹೆಮ್ಮೆಯೇ ಆಗಿತ್ತು.

ಕಾಲೇಜಿನ ಹತ್ತಿರ ಹೊಲಿಗೆ ಅಂಗಡಿ ಇಟ್ಟಿದ್ದ ಸುಗುಣಕ್ಕನ ಜೊತೆ ನೀವು ಎರಡೋ ಮೂರೋ ಗುರುವಾರ ಬಂದಿರಿ. ಬಿ.ಕಾಂ. ಕೊನೆಯ ವರ್ಷದ ಹುಡುಗಿ ಎಂದು ಸುಗುಣಕ್ಕನೇ ಹೇಳಿದ್ದರು. ನಮ್ಮ ಸಭೆಗೆ ಸೇರಲು ಬಂದವರಲ್ಲ ನೀವು, ಅದು ನನಗೆ ಗೊತ್ತಿತ್ತು. ಮನೆಯಲ್ಲಿ ಹೇಳಲಾಗದ್ದನ್ನು ಎಲ್ಲಾದರೂ ಒಂದು ಕಡೆ ಇಡಬೇಕಿತ್ತು. ಹಿಂದಿನ ಸಾಲಿನಲ್ಲಿ ಕೂತು, ನೋಟ್‌ಬುಕ್ಕಿನ ಹಾಳೆ ಹರಿದು ಬರೆದು, ನಾಲ್ಕು ಮಡಿಕೆ ಮಾಡಿ, ನನ್ನ ಕಣ್ಣೆದುರೇ ಪೆಟ್ಟಿಗೆಗೆ ಹಾಕಿದಿರಿ. ಅದೇ ಸಂಜೆ ಅದನ್ನು ತೆರೆದೆ. ಶನಿವಾರದವರೆಗೆ ಕಾಯಲಿಲ್ಲ.

“ಬರೋ ತಿಂಗಳು ನಿಶ್ಚಿತಾರ್ಥ ಇಟ್ಟಿದ್ದಾರೆ. ಅಪ್ಪನ ಮುಖ ನೋಡಿ ಹೂಂ ಅಂದುಬಿಟ್ಟೆ. ನನಗೆ ಇನ್ನೂ ಓದಬೇಕು. ಇದು ಹೇಗಾದರೂ ತಪ್ಪಿಹೋಗಲಿ. ನನ್ನ ಮನಸ್ಸಲ್ಲಿ ಹೀಗಿದೆ ಅಂತ ಅಪ್ಪನಿಗೆ ಮಾತ್ರ ಗೊತ್ತಾಗಬಾರದು.”

ಇಷ್ಟೇ ಇತ್ತು. ಕೊನೆಯ ಸಾಲಿನ ಕೆಳಗೆ ಗೆರೆ ಎಳೆದಿದ್ದಿರಿ.

ಮರುದಿನ ಗೇಟಿಗೆ ಬಂದಾಗ ಆ ವಾರದ ಚೀಟಿಗಳೆಲ್ಲ ನನ್ನ ಅಂಗಿಯ ಜೇಬಿನಲ್ಲೇ ಇದ್ದವು. ಅವತ್ತು ಜನ ಹೆಚ್ಚಿದ್ದರು. ಬೈಕಿನ ಮೇಲೆ ಅಡ್ಡಡ್ಡ ಕೂತಿದ್ದ, ಕೂಲಿಂಗ್ ಗ್ಲಾಸಿನ ಒಬ್ಬ ಹುಡುಗ ನನ್ನ ಮಾತು ತಡೆದ. “ಏನ್ ಗುರು, ವಾರವಾರ ಬಂದು ಬೈದು ಹೋಗ್ತೀಯಾ. ನಿಮ್ ದೇವ್ರಿಗೆ ಎಲ್ಲಾ ಗೊತ್ತಲ್ವಾ? ಇಲ್ಲಿರೋ ಯಾರಾದ್ರೂ ಒಬ್ರ ಮನಸಲ್ಲಿ ಏನೈತೆ ಅಂತ ಹೇಳ್ಸು ನೋಡಣ. ಹೇಳ್ಬಿಟ್ರೆ ನಾಳೆಯಿಂದ ನಾನೇ ನಿನ್ ಪೇಪರ್ ಹಂಚ್ತೀನಿ!”

ಗೇಟಿನ ತುಂಬ ನಗು. ಬೂದಿಗೆರೆಯ ಬ್ರದರ್ ಕೂಡ ತಲೆ ತಗ್ಗಿಸಿ ನಕ್ಕಂತೆ ಕಂಡಿತು. ಬೈಗುಳ ತಡೆದುಕೊಳ್ಳುತ್ತಿದ್ದೆ, ನೀರು ಎಸೆದರೂ ತಡೆದುಕೊಳ್ಳುತ್ತಿದ್ದೆ. ನನ್ನನ್ನು ನೋಡಿ ನಗುವುದನ್ನು ಮಾತ್ರ — ಇಲ್ಲ, ಅದು ನನ್ನ ಕೈಲಾಗಲಿಲ್ಲ. ಅದೇ ಹೊತ್ತಿಗೆ ನೀವು ಮೂವರು ಗೆಳತಿಯರ ಜೊತೆ ಗೇಟಿನಿಂದ ಹೊರಗೆ ಬಂದಿರಿ. ನಾನು ಕಣ್ಣು ಮುಚ್ಚಿದೆ. ಅದು ನಾಟಕ; ಮುಚ್ಚುವ ಮೊದಲೇ ನಿಮ್ಮನ್ನು ನೋಡಿಯಾಗಿತ್ತು. ಜೇಬಿನ ಮೇಲೆ ಕೈಯಿಟ್ಟುಕೊಂಡೆ — ನೋಡುವವರಿಗೆ ಎದೆಯ ಮೇಲೆ ಇಟ್ಟಂತೆ ಕಂಡಿರಬೇಕು.

“ಇಲ್ಲೊಬ್ಬ ತಂಗಿ ನಿಂತಿದಾಳೆ! ಬಿ.ಕಾಂ. ಕೊನೇ ವರ್ಷ. ಬರೋ ತಿಂಗಳು ನಿಶ್ಚಿತಾರ್ಥ. ಅಪ್ಪನ ಮುಂದೆ ಹೂಂ ಅಂದಿದಾಳೆ, ಒಳಗೊಳಗೆ ಬೇಡ ಬೇಡ ಅಂತ ಅಳ್ತಿದಾಳೆ! ತಂಗೀ, ದೇವರು ನಿನ್ನನ್ನ ನೋಡ್ತಾ ಇದಾನೆ!”

ನನ್ನ ದನಿ ಅವತ್ತು ಎಂದಿಗಿಂತ ಚೆನ್ನಾಗಿತ್ತು. ಕಣ್ಣು ಬಿಟ್ಟಾಗ ನಗು ನಿಂತುಹೋಗಿತ್ತು. ಮೊದಲು ನಿಮ್ಮ ಪಕ್ಕದ ಗೆಳತಿ ನಿಮ್ಮ ಕಡೆ ತಿರುಗಿದಳು. ಆಮೇಲೆ ಅವಳ ಪಕ್ಕದವಳು. ಆಮೇಲೆ ಒಬ್ಬೊಬ್ಬರಾಗಿ ಗೇಟಿನಲ್ಲಿದ್ದವರೆಲ್ಲ. ಬೈಕಿನ ಹುಡುಗ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ. ನೀವು ಅಳಲಿಲ್ಲ. ಪುಸ್ತಕಗಳನ್ನು ಎದೆಗೆ ಒತ್ತಿಕೊಂಡು, ತಲೆ ತಗ್ಗಿಸದೆ, ನನ್ನ ಬೆಂಚಿನ ಮುಂದೆಯೇ ಹಾದು ಬಸ್ ನಿಲ್ದಾಣದ ಕಡೆ ನಡೆದಿರಿ. ಎರಡು ಮೂರು ಕೈಗಳು ಮೊಬೈಲ್ ಎತ್ತಿ ಹಿಡಿದಿದ್ದವು. ನಾನು ಆ ಮೊಬೈಲುಗಳನ್ನು ನೋಡಿದೆ, ಖುಷಿಪಟ್ಟೆ.

ಸಂಜೆಯ ಹೊತ್ತಿಗೆ ಆ ವಿಡಿಯೋ ನಿಮ್ಮ ಊರು ಮುಟ್ಟಿತ್ತು. ಎರಡು ದಿನದಲ್ಲಿ ಗಂಡಿನ ಮನೆಯನ್ನೂ ಮುಟ್ಟಿತು.

ಮುಂದಿನ ಗುರುವಾರ ಸಭೆಗೆ ಮುಂಚೆ ನೀವು ಒಬ್ಬರೇ ಬಂದಿರಿ. ಬಾಗಿಲ ಹೊರಗೇ ನಿಂತಿದ್ದಿರಿ, ಚಪ್ಪಲಿ ಕೂಡ ಬಿಡಲಿಲ್ಲ.

“ಅಣ್ಣಾ, ಒಂದೇ ಮಾತು ಕೇಳ್ತೀನಿ. ನಾನ್ ಬರ್ದಿದ್ದನ್ನ ಓದಿ ಹೇಳಿದ್ರಾ, ಇಲ್ಲಾ ದೇವ್ರೇ ಹೇಳಿದ್ರಾ?”

ಒಂದು ಉಸಿರಿನಷ್ಟು ಹೊತ್ತು ಸಿಕ್ಕಿತ್ತು ನನಗೆ. ಈಗಲೂ ಆ ಒಂದು ಉಸಿರಿಗೆ ಹಿಂತಿರುಗಿ ಹೋಗುತ್ತೇನೆ. ‘ಓದಿದ್ದೆ ತಾಯಿ, ತಪ್ಪಾಯಿತು’ ಎಂದಿದ್ದರೆ — ಆದರೆ ಒಳಗೆ ಆಗಲೇ ಜನ ಕೂತಿದ್ದರು, ಅವತ್ತು ನನ್ನನ್ನು ನೋಡಲೆಂದೇ ಬಂದ ಹೊಸಬರು.

“ಚೀಟಿ ಬಿಚ್ಚಿದ್ದೇ ಶನಿವಾರ ಕಣಮ್ಮಾ. ಶುಕ್ರವಾರ ದೇವರೇ ತೋರಿಸಿದ್ದು” ಎಂದೆ. ದಿನ, ವಾರ ಎಲ್ಲ ಸರಿಯಾಗಿ ಜೋಡಿಸಿ ಹೇಳಿದ ಸುಳ್ಳು ಅದು.

“ಹಂಗಾದ್ರೆ ಅವ್ರನ್ನೇ ಕೇಳ್ಬೇಕು, ನನಗ್ಯಾಕೆ ಹಿಂಗ್ ಮಾಡಿದ್ರು ಅಂತ” ಎಂದಿರಿ. ಹೋಗಿಬಿಟ್ಟಿರಿ.

ನಿಮ್ಮ ಮದುವೆಯ ಮಾತು ಮುರಿಯಿತು. ನಿಮ್ಮನ್ನು ಕಾಲೇಜು ಬಿಡಿಸಿದರು. ಸುಗುಣಕ್ಕ ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆ ನನಗೆ ಹೇಳಿದರು: “ಪರೀಕ್ಷೆಗೆ ಇನ್ನ ಮೂರೇ ತಿಂಗ್ಳಿತ್ತು ಕಣಪ್ಪಾ ಆ ಮಗೀಗೆ.” ಅಂದಿನಿಂದ ಇಂದಿನವರೆಗೆ ಸುಗುಣಕ್ಕ ಆ ಪೆಟ್ಟಿಗೆಗೆ ಒಂದು ಚೀಟಿಯನ್ನೂ ಹಾಕಿಲ್ಲ.

ನನಗೆ ಏನಾಯಿತು ಗೊತ್ತೇ? ಮಂದಿರದಲ್ಲಿ ಕೂರಲು ಜಾಗವಿಲ್ಲದಂತಾಯಿತು. ನೆಲಮಂಗಲದಿಂದ, ದೇವನಹಳ್ಳಿ ಕಡೆಯ ವಿಜಯಪುರದಿಂದ ಜನ ಬಂದರು. ‘ಮಗ್ಗದ ಪ್ರಭಾಕರ’ ಹೋಗಿ ‘ಪ್ರವಾದಿ ಪ್ರಭಾಕರಣ್ಣ’ ಆದೆ. ಹೋದ ಕಡೆಯೆಲ್ಲ ಸಾಕ್ಷಿ ಹೇಳಿದೆ — ಬೇಡದ ಮದುವೆಯಿಂದ ದೇವರು ಒಬ್ಬ ತಂಗಿಯನ್ನು ಹೇಗೆ ಬಿಡಿಸಿದನೆಂದು. ಮದುವೆ ನಿಂತಿತು ಎನ್ನುವವರೆಗೆ ಹೇಳಿ ನಿಲ್ಲಿಸುತ್ತಿದ್ದೆ. ಓದು ನಿಂತದ್ದು ನನ್ನ ಸಾಕ್ಷಿಯಲ್ಲಿ ಯಾವತ್ತೂ ಬರಲಿಲ್ಲ. ಮತ್ತೆ ಯಾಕೆ ಪ್ರವಾದನೆ ಬಂದಿಲ್ಲ ಎಂದು ಯಾರಾದರೂ ಕೇಳಿದರೆ, “ದೇವರು ದಿನಾ ಮಾತಾಡಲ್ಲ” ಎಂದು ಗಂಭೀರವಾಗಿ ಹೇಳುತ್ತಿದ್ದೆ. ಅದಕ್ಕೂ ಜನ ‘ದೇವರಿಗೆ ಸ್ತೋತ್ರ’ ಎನ್ನುತ್ತಿದ್ದರು.

ನಿಮ್ಮ ಚೀಟಿ ಮಾತ್ರ ಉಳಿದುಬಿಟ್ಟಿತು. ಆ ಶನಿವಾರ ಉಳಿದವುಗಳಿಗೆಲ್ಲ ಪ್ರಾರ್ಥಿಸಿ ಸುಟ್ಟೆ. ನಿಮ್ಮದನ್ನು ಹಿಡಿದು ಮೊಣಕಾಲೂರಿದೆ. ಇದು ತಪ್ಪಿಹೋಗಲಿ ಎಂದು ಬೇಡಿಕೊಳ್ಳಲೇ? ಅಪ್ಪನಿಗೆ ಗೊತ್ತಾಗದಿರಲಿ ಎಂದು ಬೇಡಿಕೊಳ್ಳಲೇ? ಪ್ರಾರ್ಥಿಸದೆ ಸುಡುವಂತಿರಲಿಲ್ಲ. ಮುಂದಿನ ಶನಿವಾರ ನೋಡೋಣ ಎಂದು ಬೈಬಲ್ಲಿನ ರಟ್ಟಿನೊಳಗೆ ಇಟ್ಟೆ. ಹನ್ನೊಂದು ವರ್ಷಗಳ ಶನಿವಾರಗಳು ಹೀಗೇ ಹೋದವು.

ಈ ವರ್ಷ ನನ್ನ ಮಗಳು ಗ್ರೇಸಿ ನಿಮ್ಮ ಕಾಲೇಜಿಗೆ ಬಿ.ಕಾಂ.ಗೆ ಸೇರಿದಳು. ಒಂದು ದಿನ ಊಟಕ್ಕೆ ಕೂತಾಗ ಅವಳ ಮಾತೆಲ್ಲ ಹೊಸ ಮೇಡಂ ಬಗ್ಗೆಯೇ. “ಅವ್ರ ಟೇಬಲ್ ಮೇಲೆ ಒಂದು ಡಬ್ಬಿ ಇಟ್ಟಿದಾರಪ್ಪಾ. ಪಾಠ ಅರ್ಥ ಆಗ್ದಿದ್ರೆ, ಮನೇಲಿ ಏನಾದ್ರೂ ತೊಂದ್ರೆ ಇದ್ರೆ, ಬರ್ದು ಹಾಕ್ಬೋದು. ಪಾಠದ್ದಾದ್ರೆ ಕ್ಲಾಸಲ್ಲಿ ಹೇಳ್ತಾರೆ, ಯಾರ್ದು ಅಂತ ಮಾತ್ರ ಹೇಳಲ್ಲ. ಬೇರೇದಾದ್ರೆ ಅದ್ರ ಸುದ್ದೀನೇ ಎತ್ತಲ್ಲ. ಹಿಂದಿನ ಬೆಂಚಿನವ್ರು ‘ಯಾರ್ದು ಮೇಡಂ, ಹೇಳಿ ಮೇಡಂ’ ಅಂತ ಗಲಾಟೆ ಮಾಡಿದ್ರೆ, ‘ಮಡಚಿ ಕೊಟ್ಟ ಕಾಗದಕ್ಕೆ ಒಂದು ಮರ್ಯಾದೆ ಇರ್ತದೆ ಕಣ್ರೋ’ ಅಂದ್ರು.”

ಮೇಡಂ ಹೆಸರೇನು ಎಂದು ಕೇಳಿದೆ. ಹೇಳಿದಳು. ಕೈಯಲ್ಲಿದ್ದ ಮುದ್ದೆ ಹಾಗೇ ಉಳಿಯಿತು. ನೀವು ತರಗತಿಯಲ್ಲಿ ಹೇಳಿಕೊಂಡದ್ದನ್ನೂ ಅವಳೇ ಹೇಳಿದಳು: ನಡುವೆ ಎರಡು ವರ್ಷ ಓದು ನಿಂತುಹೋಗಿತ್ತಂತೆ. ಊರಿನ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸಕ್ಕೆ ಹೋಗುತ್ತಿದ್ದಿರಂತೆ, ಅಲ್ಲೇ ಹಳೆಯ ಪುಸ್ತಕಗಳನ್ನು ಇಟ್ಟುಕೊಂಡು ಓದುತ್ತಿದ್ದಿರಂತೆ. ಒಂದು ದಿನ ನಿಮ್ಮ ತಂದೆಯೇ ಬೈಕಿನ ಮೇಲೆ ಕೂರಿಸಿಕೊಂಡು ಬಂದು ಕಾಲೇಜಿನ ಗೇಟಿನಲ್ಲಿ ಬಿಟ್ಟರಂತೆ. ಆ ಓದು ಯಾಕೆ ನಿಂತಿತೆಂದು ನೀವು ಹೇಳಿಲ್ಲ. ನನ್ನ ಮಗಳು ಕೂತಿರುವ ತರಗತಿಯಲ್ಲಿ ನೀವು ಹೇಳಬಹುದಿತ್ತು, ಹೇಳಲಿಲ್ಲ.

ಪೋಷಕರ ಸಭೆಗೆ ಬಂದೆ. ನೀವು ಮಾತಿಗೆ ನಿಂತ ಕೂಡಲೇ ಕರೆಂಟು ಹೋಗಿ ಮೈಕ್ ನಿಂತಿತು. ನಾನಾಗಿದ್ದರೆ ಇದೇ ಸಮಯವೆಂದು ಗಂಟಲು ತೆಗೆಯುತ್ತಿದ್ದೆ. ನೀವು ಇನ್ನೂ ಮೆತ್ತಗೆ ಮಾತಾಡಿದಿರಿ. ಫ್ಯಾನೂ ನಿಂತಿತ್ತು, ಜನ ಬೆವರುತ್ತಿದ್ದರು, ಆದರೂ ಕೊನೆಯ ಸಾಲಿನವರು ಮುಂದಕ್ಕೆ ಬಾಗಿ ಕೇಳಿದರು. ನಾಲ್ಕು ವರ್ಷ ಆ ಗೇಟಿನಲ್ಲಿ ಕೂಗಿದವನಿಗೆ ಒಂದು ದಿನವೂ ಯಾರೂ ಹಾಗೆ ಕಿವಿ ಕೊಟ್ಟಿರಲಿಲ್ಲ. ನನ್ನ ಎದೆ ತುಂಬಿ ಬಂತು. ಅದು ಹೆಮ್ಮೆಯೇ — ನಿಮ್ಮ ಬಗ್ಗೆ ಹೆಮ್ಮೆಪಡುವ ಹಕ್ಕು ನನಗಿಲ್ಲ, ಗೊತ್ತು. ಆದರೂ ಬಂತು. ನನ್ನ ದನಿಯ ಬಗ್ಗೆ ಜೀವಮಾನದಲ್ಲಿ ಪಟ್ಟ ಹೆಮ್ಮೆಯನ್ನೆಲ್ಲ ಸೇರಿಸಿದರೂ ಅಷ್ಟಾಗುವುದಿಲ್ಲ.

ಸಭೆ ಮುಗಿದ ಮೇಲೆ ಗ್ರೇಸಿ ನನ್ನನ್ನು ಎಳೆದುಕೊಂಡು ಬಂದು ನಿಮ್ಮ ಮುಂದೆ ನಿಲ್ಲಿಸಿದಳು. ನೀವು ನನ್ನನ್ನು ನೋಡಿದಿರಿ. “ನಿಮ್ಮ ಮಗಳು ಚೆನ್ನಾಗಿ ಓದ್ತಾಳೆ ಸರ್, ನಡುವೆ ನಿಲ್ಲಿಸ್ಬೇಡಿ” ಎಂದಿರಿ. ಗುರುತು ಹಿಡಿದಿರೋ ಇಲ್ಲವೋ ನನಗೆ ತಿಳಿಯಲಿಲ್ಲ. ಸರ್ ಎಂದಿರಿ, ಅಣ್ಣಾ ಎನ್ನಲಿಲ್ಲ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಮೊದಲು ನನಗೆ ಹೊಳೆದದ್ದು ಅದೇ ಕಲ್ಲುಬೆಂಚು. ಅಲ್ಲೇ ನಿಂತು, ಮಧ್ಯಾಹ್ನ ಒಂದು ಗಂಟೆಗೆ, ಗೇಟಿನ ಎದುರು ನನ್ನ ಪಾಪವನ್ನು ಕೂಗಿ ಹೇಳಿಬಿಡುವುದು. ಎರಡು ದಿನ ಓಡುವ ಮಗ್ಗದ ಪಕ್ಕ ನಿಂತು ಅಭ್ಯಾಸ ಮಾಡಿದೆ. ಬಹಳ ಚೆನ್ನಾಗಿ ಬರುತ್ತಿತ್ತು. ಯಾವ ಮಾತಿಗೆ ದನಿ ನಡುಗಬೇಕು, ಎಲ್ಲಿ ಅಳು ಬರಬೇಕು ಎಂಬುದೂ ಗೊತ್ತಾಗಿಬಿಟ್ಟಿತ್ತು. ಆಗ ನನಗೆ ಹೆದರಿಕೆಯಾಯಿತು. ಕೇಳಿದವರು ಮತ್ತೆ ಯಾರು ಆ ಹುಡುಗಿ ಎಂದೇ ಹುಡುಕುತ್ತಾರೆ. ಮತ್ತೆ ಒಬ್ಬೊಬ್ಬರಾಗಿ ನಿಮ್ಮ ಕಡೆ ತಿರುಗುತ್ತಾರೆ. ನಾನು ಮತ್ತೆ ಒಳ್ಳೆಯ ಮಾತುಗಾರನೆನಿಸಿಕೊಂಡು ಬೆಂಚಿನಿಂದ ಇಳಿಯುತ್ತೇನೆ.

ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವುದು ನನಗೆ ಅಭ್ಯಾಸವಿಲ್ಲದ ಕೆಲಸ. ಒಂದೊಂದು ಸಾಲಿಗೂ ನಿಲ್ಲುತ್ತಿದ್ದೇನೆ. ಭಾನುವಾರ ಮಂದಿರದಲ್ಲಿ, ಹಾಡು ಮುಗಿದ ಮೇಲೆ, ಎರಡೇ ಮಾತು ಹೇಳುತ್ತೇನೆ: ನಾನು ಪ್ರವಾದಿಯಲ್ಲ, ಪೆಟ್ಟಿಗೆಯ ಚೀಟಿ ಓದಿ ಕೂಗಿದವನು. ಬೀಗದ ಕೈಯನ್ನು ಪಾಸ್ಟರ ಮೇಜಿನ ಮೇಲಿಟ್ಟು ಹಿಂದಿನ ಸಾಲಿಗೆ ಹೋಗಿ ಕೂರುತ್ತೇನೆ. ಜನ ನನ್ನನ್ನು ಏನೆಂದು ಕರೆಯುತ್ತಾರೋ ಕರೆಯಲಿ. ಆ ಹೆಸರು ಹೋಗುವುದು ನನಗೆ ಸುಲಭವಲ್ಲ — ಅದೊಂದೇ ನಾನು ಗಳಿಸಿದ್ದು ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಗ್ರೇಸಿಗೂ ಅವತ್ತೇ ತಿಳಿಯುತ್ತದೆ, ಅವಳ ಅಪ್ಪ ಎಂಥವನೆಂದು. ಆ ಹುಡುಗಿ ಯಾರೆಂದು ಮಾತ್ರ ನನ್ನ ಬಾಯಿಂದ ಬರುವುದಿಲ್ಲ.

ಈ ಕಾಗದವನ್ನು ಗ್ರೇಸಿಯ ಕೈಯಲ್ಲಿ ಕಳಿಸುವುದಿಲ್ಲ. ಸೋಮವಾರ ಸ್ಟಾಫ್ ರೂಮಿನ ಬಾಗಿಲಿಗೆ ನಾನೇ ಬಂದು ಕೊಟ್ಟು ಹೋಗುತ್ತೇನೆ. ಉತ್ತರ ಬೇಡ, ಕ್ಷಮೆಯನ್ನೂ ಕೇಳುತ್ತಿಲ್ಲ. ಇದರ ಮಡಿಕೆಯೊಳಗೆ ನಿಮ್ಮ ಚೀಟಿ ಇದೆ, ಕೊನೆಯ ಸಾಲಿನ ಕೆಳಗಿನ ಗೆರೆ ಇನ್ನೂ ಕಾಣುತ್ತದೆ. ಸುಡುವುದೋ ಇಟ್ಟುಕೊಳ್ಳುವುದೋ, ಅದು ನಿಮ್ಮದು.

ದೇವರನ್ನೇ ಕೇಳಬೇಕು ಎಂದು ಅವತ್ತು ಹೇಳಿ ಹೋದಿರಿ. ಡೈರಿಯಲ್ಲಿ ಕೂತು ಎಷ್ಟು ದಿನ ಕೇಳಿದಿರೋ, ಉತ್ತರ ಬರಲಿಲ್ಲವೆಂದು ಎಷ್ಟು ನೊಂದಿರೋ ನನಗೆ ಗೊತ್ತಿಲ್ಲ. ನೀವು ಕೇಳಿದ್ದು ಅದನ್ನು ಮಾಡದ ದೇವರನ್ನು. ಮಾಡಿದವನು ನಾನು, ಮಂದಿರದ ಬಾಗಿಲಲ್ಲಿ ನಿಮ್ಮ ಎದುರಿಗೇ ನಿಂತಿದ್ದೆ.